ಹಲ್ಲು ಮೂಡುವುದರೊಳಗೆ

ಮಾರ್ಚ್ ೪, ಮಂಗಳವಾರ

ಹಾಗಂತ ಬಾಗಿಲು ತೆರೆದಿಟ್ಟುಕೊಂಡು ಬದುಕುವುದು ತಪ್ಪು ಅಂತ ನಾನು ಹೇಳಲೇ ಇಲ್ಲವಲ್ಲ. ಭಾವಮೈದ ನಿನ್ನೆ ನನ್ನ ಮಾತನ್ನು ಅರ್ಧಕ್ಕೇ ಕತ್ತರಿಸಿ ಮೆಟ್ಟಿಲಿಳಿದು ಹೋದ. ಕೆಳಗಿನ ಮಹಡಿಯಲ್ಲಿ ಪ್ರೆಸ್ಸು ನಡೆಸುವವನು, ಕತ್ತರಿಸುವುದು ಅಭ್ಯಾಸ. ನಾನು ಹೇಳಿದ್ದು ಇಷ್ಟೇ: ಎದುರು ಮನೆಯವರು ಬೆಳಗಾದರೆ ಬಾಗಿಲು ತೆರೆದು, ದೀಪ ಹಚ್ಚಿದ ಮೇಲೆ ಹಾಕಿಕೊಳ್ಳಲಿ, ಅವರಿಷ್ಟ. ಆದರೆ ಆ ಮನೆಯ ಅಜ್ಜಿ ಸ್ಟೂಲು ಹಾಕಿಕೊಂಡು ದಿನವಿಡೀ ನನ್ನ ಬಾಗಿಲಿಗೇ ಮುಖ ಮಾಡಿ ಕೂರಬೇಕೇ? ಕಸ ಹೊರಗಿಟ್ಟರೆ ನೋಡುತ್ತಾಳೆ, ಪೇಪರು ಒಳಗೆ ತಂದರೆ ನೋಡುತ್ತಾಳೆ. ಅವಳಿಗೆ ಕಣ್ಣೇ ಸರಿಯಾಗಿ ಕಾಣುವುದಿಲ್ಲವಂತೆ. ಕಾಣದವಳು ನೋಡುತ್ತಾ ಕೂತರೆ ಇನ್ನೂ ಕಷ್ಟ.

ಅವರು ಬಂದು ಮೂರು ತಿಂಗಳಾಯಿತು. ಭಾಷೆ ಬೇರೆ, ಒಗ್ಗರಣೆಯ ಘಾಟು ಬೇರೆ. ಬಟ್ಟೆ ಒಣಹಾಕುವುದು ಕೂಡ ಬೇರೆ, ಅಂಗಿಯನ್ನು ಒಳಗು ಹೊರಗು ಮಾಡಿ ತಲೆಕೆಳಗಾಗಿ ನೇತುಹಾಕುತ್ತಾರೆ. ಯಾಕಿರಬಹುದು? ಕೇಳೋಣವೆನ್ನಿಸುತ್ತದೆ, ಕೇಳುವುದು ಹೇಗೆ? ಸೊಸೆ ಸಿಟಿ ಬಸ್ಸಿನ ಕಂಡಕ್ಟರು, ಅವಳಿಗೆ ನಮ್ಮ ಮಾತು ಸಲೀಸು. ಮಗ ಲಾರಿ ಹತ್ತಿದರೆ ವಾರಗಟ್ಟಲೆ ಇಲ್ಲ. ಒಂದು ಕೂಸಿದೆ, ಅದನ್ನು ಅಜ್ಜಿಯೇ ನೋಡಿಕೊಳ್ಳುವುದು.

ಕಾಲೇಜಿನಲ್ಲಿ ಯೂನಿಟಿ ಇನ್ ಡೈವರ್ಸಿಟಿ ಅಂತ ಇಂಗ್ಲಿಷಿನಲ್ಲಿ ಪ್ರಬಂಧ ಬರೆದಿದ್ದೆ. ಬಣ್ಣಬಣ್ಣದ ಹೂವಿನ ತೋಟ ಅಂತ ಉದಾಹರಣೆ ಕೊಟ್ಟಿದ್ದೆ. ಮೇಷ್ಟರು ಕೆಂಪು ಶಾಯಿಯಲ್ಲಿ, ‘ಇಡೀ ಕ್ಲಾಸು ಇದೇ ತೋಟಕ್ಕೆ ಹೋಗಿದೆ’ ಅಂತ ಬರೆದು ಹತ್ತಕ್ಕೆ ನಾಲ್ಕು ಕೊಟ್ಟಿದ್ದರು. ಎರಡನೇ ವರ್ಷಕ್ಕೆ ಕಾಲೇಜು ಬಿಟ್ಟು ಬೈಂಡಿಂಗ್ ಕೆಲಸಕ್ಕೆ ಸೇರಿದೆ. ಇಂಗ್ಲಿಷು ಅರ್ಧ ನನ್ನ ಜೊತೆ ಬಂತು, ಅರ್ಧ ಅಲ್ಲೇ ಬೆಂಚಿನ ಮೇಲೆ ಉಳಿಯಿತು.

ಈ ಬರೆಯುವ ಪುಸ್ತಕ ನನ್ನ ಹೆಂಡತಿ ಹೊಲಿದ ಕಡೆಯದು. ನಲವತ್ತು ವರ್ಷ ಹಾಗೇ ನಡೆಯಿತು: ಅವಳು ಹೊಲಿಯುವುದು, ನಾನು ಕತ್ತರಿಸಿ ರಟ್ಟು ಹಾಕುವುದು. ಇದಕ್ಕೆ ರಟ್ಟು ಹಾಕಿದ್ದು ಅವಳು ಹೋದ ಮೇಲೆ. ಹಾಳೆಗಳ ಅಂಚು ಮಾತ್ರ ಕತ್ತರಿಸಿಲ್ಲ, ಏರುಪೇರಾಗಿದೆ. ಅಂಟಿನ ಕೈ ಮುಟ್ಟಿ ಕಂದು ಕಲೆ ಬೇರೆ. ಒಂದು ದಿನ ಕೆಳಗೆ ಒಯ್ದು ಮೆಷಿನ್ನಿಗೆ ಕೊಟ್ಟು ನೀಟು ಮಾಡಿಕೊಳ್ಳಬೇಕು.

ಎರಡೂ ಚಿಲಕ ಹಾಕಿದ್ದೇನೆ.

ಮಾರ್ಚ್ ೬, ಗುರುವಾರ

ಮಧ್ಯಾಹ್ನ ಬಾಗಿಲ ಹೊರಗೆ ಯಾರೋ ಕೆಮ್ಮುತ್ತಿದ್ದರು. ಐದು ನಿಮಿಷ, ಹತ್ತು ನಿಮಿಷ. ಈ ಕೆಮ್ಮಿಗೆ ಔಷಧಿ ಬೇಕೇನೋ ಅಂತ ತೆರೆದರೆ ಕಂಡಕ್ಟರಮ್ಮ. ಕಂಕುಳಲ್ಲಿ ಬಟ್ಟೆ ಸುತ್ತಿದ ಗಂಟು.

"ತಟ್ಟಬಾರದೇನಮ್ಮ?"

"ನಮ್ಮಲ್ಲಿ ಬಾಗಿಲು ತಟ್ಟೋದು ಕೆಟ್ಟ ಸುದ್ದಿ ತಂದೋರು ಮಾತ್ರ ಯಜಮಾನ್ರೇ. ಒಳ್ಳೇದಕ್ಕೆ ಬಂದೋರಿಗೆ ಬಾಗಿಲು ತೆರೆದೇ ಇರುತ್ತೆ. ನಿಮ್ಮದು ಯಾವಾಗ್ಲೂ ಹಾಕಿರುತ್ತೆ, ಏನು ಮಾಡ್ಲಿ? ಕೆಮ್ಮಿದೆ."

ಅಂತೂ ತೆರೆದ ಬಾಗಿಲಿನ ಮರ್ಮ ಇದು! ಹಾಗಾದರೆ ಮೂರು ತಿಂಗಳಿಂದ ನನ್ನ ಮುಚ್ಚಿದ ಬಾಗಿಲನ್ನು ಅವರು ಏನೆಂದು ಓದಿಕೊಂಡಿರಬಹುದು?

ಗಂಟಿನಲ್ಲಿ ಅವರ ಮನೆಪುಸ್ತಕ. ಮೊಳದುದ್ದ, ಅಗಲ ಕಡಿಮೆ, ಪೂರ್ತಿ ಕೈಬರಹ. ಯಾವ ಬಾವಿ ಎಷ್ಟು ಆಳ, ಕೂಸಿಗೆ ಹೊಟ್ಟೆನೋವಾದರೆ ಏನು ಕುಡಿಸಬೇಕು, ಯಾವ ಜಗಳ ಹೇಗೆ ತೀರಿತು, ಎಲ್ಲ ಇದೆಯಂತೆ. ರಟ್ಟು ಕಳಚಿ ನೇತಾಡುತ್ತಿದೆ.

"ನನ್ನ ಮಗಳಿಗೆ ಮೊದಲ ಹಲ್ಲು ಮೂಡೋದ್ರೊಳಗೆ ರಿಪೇರಿ ಆಗ್ಬೇಕು. ಆಗ ಈ ಪುಸ್ತಕಕ್ಕೆ ಅವಳನ್ನ ಸೇರಿಸ್ತೀವಿ."

ಹೆಸರು ಬರೆಯುತ್ತಾರೇನೋ ಅಂದುಕೊಂಡೆ. ಎರಡು ವರ್ಷದಿಂದ ಬೈಂಡಿಂಗ್ ಮುಟ್ಟಿಲ್ಲ, ಆಗುವುದಿಲ್ಲ ಅನ್ನಲು ಬಾಯಿ ತೆರೆದೆ. ಕೈ ಆಗಲೇ ಪುಸ್ತಕವನ್ನು ತಿರುಗಿಸಿ ಬೆನ್ನು ನೋಡುತ್ತಿತ್ತು. ಹೊಲಿಗೆ ಗಟ್ಟಿಯಾಗಿದೆ, ರಟ್ಟು ಮತ್ತು ಮೇಲುಬಟ್ಟೆ ಸಾಕು. ಹೊಲಿಯುವ ಕೆಲಸವಿಲ್ಲ ಅಂದ ಮೇಲೆ ಒಪ್ಪಿಕೊಂಡೆ.

ಮಾರ್ಚ್ ೯, ಭಾನುವಾರ

ಇವತ್ತು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇರೆ ಬೈಂಡರ್ ಆಗಿದ್ದರೆ ಈ ಪುಸ್ತಕಕ್ಕೆ ಮುಂದಿನ ರಟ್ಟನ್ನು ಹಿಂದೆ ಹಾಕಿ ಕೆಡಿಸುತ್ತಿದ್ದ. ಅವರ ಬರಹ ಬಲದಿಂದ ಎಡಕ್ಕೆ ಓಡುತ್ತದೆ, ಪುಸ್ತಕ ತೆರೆಯುವುದೂ ಆ ಕಡೆಯಿಂದಲೇ. ಪ್ರಿಕಾಶನ್ ಅಂತ ಕಂಡಕ್ಟರಮ್ಮನನ್ನು ಕೇಳಿ ಖಾತ್ರಿ ಮಾಡಿಕೊಂಡೆ. ಭಾವಮೈದನಿಗೂ ಹೇಳಿದೆ.

"ಕೇಳ್ಕೊಂಡು ಮಾಡೋನಿಗೆ ತಪ್ಪೇ ಆಗಲ್ಲ ಕಣೋ."

"ಅವರ ಸಹವಾಸ ನಮಗ್ಯಾಕೆ ಭಾವ?" ಅಂದ. "ಇವತ್ತು ಪುಸ್ತಕ ತರ್ತಾರೆ, ನಾಳೆ ಸ್ಟೂಲು ತರ್ತಾರೆ."

ನಾಳೆ ಅಂಚು ಕತ್ತರಿಸಿ ರಟ್ಟು ಕೂರಿಸಿದರೆ ಮುಗಿಯಿತು. ಅಂಚು ತೀರಾ ಗಲೀಜು, ಉದ್ದಕ್ಕೂ ಮಸಿಯ ಕಲೆ. ಮಕ್ಕಳ ಕೈಗೆ ಸಿಕ್ಕಿತ್ತೇನೋ.

ಮಾರ್ಚ್ ೧೧, ಮಂಗಳವಾರ

ಕೊಟ್ಟು ಬಂದೆ. ನಿನ್ನೆ ಪ್ರೆಸ್ಸಿನ ಕಟಿಂಗ್ ಮೆಷಿನ್ನಿಗೆ ಇಟ್ಟು ಅಂಚಿನಲ್ಲಿ ಒಂದು ಅಕ್ಕಿಕಾಳಿನಗಲ ಮಾತ್ರ ತೆಗೆದೆ. ಒಂದು ಅಕ್ಷರಕ್ಕೂ ಕೂದಲೆಳೆಯಷ್ಟು ತಾಗಲಿಲ್ಲ. ಬೆಣ್ಣೆಯ ಹಾಗೆ ಬಂತು ಅಂಚು. ಈ ನನ್ನ ಪುಸ್ತಕವನ್ನೂ ಜೊತೆಗೇ ಒಯ್ಯಬೇಕೆಂದಿದ್ದೆ, ಮರೆತೆ.

ಅಜ್ಜಿ ಪುಸ್ತಕವನ್ನು ಮಡಿಲಲ್ಲಿಟ್ಟುಕೊಂಡು ರಟ್ಟು ಸವರಿದಳು, ಬೆನ್ನು ಸವರಿದಳು, ತಲೆಯಾಡಿಸಿದಳು. ಆಮೇಲೆ ಹೆಬ್ಬೆರಳನ್ನು ಅಂಚಿಗೆ ತಂದಳು. ಮೇಲಿಂದ ಕೆಳಕ್ಕೆ ಒಂದು ಸಲ, ಕೆಳಗಿಂದ ಮೇಲಕ್ಕೆ ಒಂದು ಸಲ. ಮತ್ತೆ. ಮತ್ತೆ. ಪುಸ್ತಕವನ್ನು ಪಕ್ಕಕ್ಕಿಟ್ಟು ಕೂಸನ್ನು ಎತ್ತಿಕೊಂಡು ಒಳಗೆ ಹೋದಳು. ಸೊಸೆ ಡ್ಯೂಟಿಗೆ ಹೋಗಿದ್ದಳು, ಕೇಳಲು ಯಾರೂ ಇರಲಿಲ್ಲ.

ಸಂತೋಷ ಹೇಳಿಕೊಳ್ಳಲು ಭಾಷೆ ಇಲ್ಲವಲ್ಲ, ಪಾಪ.

ಮಾರ್ಚ್ ೧೨, ಬುಧವಾರ

ಬರೆಯಲು ಕೈ ಏಳುತ್ತಿಲ್ಲ. ಆದರೂ ಬರೆಯುತ್ತೇನೆ.

ಬೆಳಗ್ಗೆ ಯಾರೋ ಬಾಗಿಲು ತಟ್ಟಿದರು. ಕೆಮ್ಮಲಿಲ್ಲ, ತಟ್ಟಿದರು. ಕಂಡಕ್ಟರಮ್ಮ, ಡ್ಯೂಟಿಯ ಚೀಲ ಹೆಗಲಲ್ಲೇ ಇತ್ತು.

"ಯಜಮಾನ್ರೇ, ಅಂಚು ಎಲ್ಲಿ?"

"ಯಾವ ಅಂಚಮ್ಮ? ನೀಟಾಗಿ ಕತ್ತರಿಸಿದೀನಿ. ಮಸಿ ಗಿಸಿ ಆಗಿ ಕೊಳೆಯಾಗಿತ್ತು..."

"ಅದು ಕೊಳೆ ಅಲ್ಲ. ಅದು ನಮ್ಮ ಮಾವ."

ನಿಂತ ನಿಲುವಿನಲ್ಲೇ ಹೇಳಿದಳು. ಅವರ ಕಡೆ ಮನೆಪುಸ್ತಕದೊಳಗೆ ಹೆಸರು ಬರೆಯುವುದಿಲ್ಲ. ಕೂಸಿಗೆ ಮೊದಲ ಹಲ್ಲು ಕಂಡ ಏಳು ದಿನದೊಳಗೆ ಅದರ ಹೆಬ್ಬೆರಳಿಗೆ ಮಸಿ ಹಚ್ಚಿ, ಪುಸ್ತಕವನ್ನು ಬಿಗಿಯಾಗಿ ಮುಚ್ಚಿ ಹಿಡಿದು, ಅಂಚಿನ ಮೇಲೆ ಒತ್ತುತ್ತಾರೆ. ಮದುವೆಯಾಗಿ ಬಂದವರದ್ದು ಬಂದ ದಿನ. ಹಾಳೆ ತೆರೆದರೆ ಏನೂ ಕಾಣುವುದಿಲ್ಲ, ಒಂದೊಂದರ ಅಂಚಿಗೂ ಸೂಜಿಮೊನೆಯಷ್ಟು ಮಸಿ. ನೂರಾ ಹನ್ನೆರಡು ಹಾಳೆಯೂ ಸೇರಿ ಮುಚ್ಚಿದರೆ ಮಾತ್ರ ಹೆಬ್ಬೆಟ್ಟು ಕಾಣುತ್ತದೆ. ಅಂಥವು ಹತ್ತೊಂಬತ್ತು ಇದ್ದವು. ಎಲ್ಲಕ್ಕಿಂತ ಮೇಲೆ ಅಜ್ಜಿಯ ಮಾವನದು. ಕೆಳಗೆ ಬರುತ್ತಾ ಗಂಡನದು, ಅವಳದು. ಅದರ ಕೆಳಗೆ ದೊಡ್ಡ ಮಗನದು.

"ದೊಡ್ಡ ಮಗ ಹನ್ನೆರಡು ವರ್ಷಕ್ಕೇ ಹೋದ. ಫೋಟೋ ಇಲ್ಲ. ಅತ್ತೆಗೆ ಕಣ್ಣು ಕಾಣಲ್ಲ. ಆದ್ರೆ ಜಾಗ ಗೊತ್ತು. ದಿನಾ ಒಂದ್ಸಲ ಬೆರಳಿಟ್ಟು ನೋಡ್ಕೊತಾರೆ."

"ನೀವು ಹೇಳ್ಬೋದಿತ್ತಲ್ಲಮ್ಮ..."

"ನಮ್ಮ ಕಡೆ ಎಲ್ಲಾರ ಮನೆ ಪುಸ್ತಕದ ಅಂಚಲ್ಲೂ ಮನೆಯವರು ಇರ್ತಾರೆ. ಇಲ್ಲಿ ಇರಲ್ಲ ಅಂತ ನಂಗೇನು ಗೊತ್ತು? ನೀವು ಕೇಳ್ಬೋದಿತ್ತಲ್ಲ?"

ಕೇಳಬಹುದಿತ್ತು. ನನಗೆ ಗೊತ್ತಿದ್ದ ವ್ಯತ್ಯಾಸವನ್ನು ಕೇಳಿ ಖಾತ್ರಿ ಮಾಡಿಕೊಂಡೆ, ಗೊತ್ತಿಲ್ಲದ್ದನ್ನು ಕೇಳಲಿಲ್ಲ. ನಲವತ್ತು ವರ್ಷ ಯಾವ ಪುಸ್ತಕದ ಅಂಚನ್ನೂ ಯಾರನ್ನೂ ಕೇಳಿ ಕತ್ತರಿಸಿದವನಲ್ಲ. ಎಷ್ಟೊಂದು ಅಂಚು!

ಕತ್ತರಿಸಿದ ಚೂರು ಇನ್ನೂ ಇರಬಹುದೆಂದು ಆಮೇಲೆ ಹೊಳೆಯಿತು. ಚಪ್ಪಲಿ ಹಾಕದೆ ಪ್ರೆಸ್ಸಿಗೆ ಓಡಿದೆ. ರದ್ದಿಯವನು ಶನಿವಾರ ಬರುತ್ತಾನೆ, ಮೂಟೆ ಅಲ್ಲೇ ಇತ್ತು. ನೆಲಕ್ಕೆ ಸುರಿದೆ. ಎರಡು ದಿನದ ಲಗ್ನಪತ್ರಿಕೆ, ಬಿಲ್ಲುಪುಸ್ತಕ, ಕರಪತ್ರಗಳ ಚೂರೆಲ್ಲ ಸೇರಿ ಬಣ್ಣಬಣ್ಣದ ಬೆಟ್ಟ. ಅದರೊಳಗೆ ಎಳೆ ಎಳೆಯಾಗಿ ಹಳದಿ ಕಾಗದ.

"ಭಾವ, ತಲೆ ಕೆಟ್ಟಿದೆಯಾ? ಗಿರಾಕಿಗಳು ಬರೋ ಹೊತ್ತು!"

"ಸುಮ್ನಿರು. ಫ್ಯಾನ್ ಆಫ್ ಮಾಡು."

"ಸೆಕೆ ಆಗುತ್ತೆ."

"ಆಗ್ಲಿ. ಇದರಲ್ಲಿ ಜನ ಇದ್ದಾರೆ."

ಅವನು ನನ್ನ ಮುಖ ನೋಡಿ ಫ್ಯಾನ್ ಆಫ್ ಮಾಡಿದ.

ಮಾರ್ಚ್ ೧೩, ಗುರುವಾರ

ನೂರಾ ಒಂಬತ್ತು ಸಿಕ್ಕವು. ಮೂರು ಇಲ್ಲ. ಮೂಟೆಯನ್ನು ಮೂರು ಸಲ ಜಾಲಾಡಿದೆ.

ಹಲ್ಲು ಇನ್ನೂ ಬಂದಿಲ್ಲವಂತೆ.

ಮಾರ್ಚ್ ೧೫, ಶನಿವಾರ

ಪುಸ್ತಕ ಕೊಡಿ, ನಾನೇ ಬಾಗಿಲು ಹಾಕಿಕೊಂಡು ಕೂತು ಸರಿಮಾಡಿ ತರುತ್ತೇನೆ, ಅಲ್ಲಿಯವರೆಗೆ ಮುಖ ತೋರಿಸುವುದಿಲ್ಲ ಅಂತ ಹೇಳಿ ಕಳಿಸಿದ್ದೆ. ಐ ಬೆಗ್ ಯುವರ್ ಪಾರ್ಡನ್ ಅನ್ನುವುದಕ್ಕೆ ಅವರ ಭಾಷೆಯಲ್ಲಿ ಏನನ್ನುತ್ತಾರೆ, ಅದನ್ನೂ ಕಲಿಸಿಕೊಡು ಅಂತ ಕೇಳಿದೆ. ಕಂಡಕ್ಟರಮ್ಮ ತಲೆ ಅಲ್ಲಾಡಿಸಿದಳು.

"ಅದಕ್ಕೆ ನಮ್ಮಲ್ಲಿ ಮಾತಿಲ್ಲ ಯಜಮಾನ್ರೇ. ತಪ್ಪು ಮಾಡಿದೋರು, ಯಾರಿಗೆ ತಪ್ಪಾಯ್ತೋ ಅವರ ಎದುರಿಗೇ ಕೂತು ಸರಿಮಾಡ್ಬೇಕು. ಮರೇಲಿ ಮಾಡಿದ್ರೆ ಲೆಕ್ಕಕ್ಕಿಲ್ಲ."

"ಮಾಡೋಕೆ ಆಗದೇ ಹೋದ್ರೆ?"

"ಆಗದೇ ಹೋಗೋದನ್ನೂ ಅವರು ನೋಡ್ಬೇಕು."

ಹಾಗಾಗಿ ಇವತ್ತು ಬೆಳಗ್ಗೆ ಎಂಟಕ್ಕೆ ಅಜ್ಜಿ ತನ್ನ ಸ್ಟೂಲು ಎತ್ತಿಕೊಂಡು ನನ್ನ ಮನೆಯೊಳಗೇ ಬಂದು ಕೂತಳು. ಭಾವಮೈದ ಹೇಳಿದ್ದು ಅಕ್ಷರಶಃ ನಿಜವಾಯಿತು. ಕೂಸನ್ನು ನನ್ನ ಚಾಪೆಯ ಮೇಲೆ ಬಿಟ್ಟಳು. ಕಾಲಿಗೆ ದೊಡ್ಡ ಗಂಡಸರ ಚಪ್ಪಲಿ ಹಾಕುತ್ತಾಳೆ, ಗಂಡನದಂತೆ. ಅವರಲ್ಲಿ ಹೋದವರ ಸಾಮಾನು ಎತ್ತಿಡುವುದಿಲ್ಲವಂತೆ, ಸವೆಯುವವರೆಗೆ ಬಳಸುತ್ತಾರಂತೆ. ನಮ್ಮಲ್ಲಿ ಎತ್ತಿಡುತ್ತೇವೆ.

ಅವಳ ಎದುರಿಗೇ ನನ್ನ ರಟ್ಟು ಕಿತ್ತೆ, ಗಟ್ಟಿ ಹೊಲಿಗೆಯನ್ನು ಬಿಚ್ಚಿದೆ. ಹಾಳೆಗಳು ಬಿಡಿಬಿಡಿಯಾಗದೆ ಚೂರು ಅಂಟಿಸಲು ಸಾಧ್ಯವಿಲ್ಲ. ದಾರ ಕತ್ತರಿಸುವ ಸದ್ದು ಕೇಳಿದಾಗಲೆಲ್ಲ ಅವಳ ಕೈ ಸೆರಗನ್ನು ಹಿಡಿಯುತ್ತಿತ್ತು.

ಮಾರ್ಚ್ ೧೮, ಮಂಗಳವಾರ

ಯಾವ ಚೂರು ಯಾವ ಹಾಳೆಯದು? ಮೊದಲೆರಡು ದಿನ ಕಾಗದದ ಬಣ್ಣ ನೋಡಿದೆ, ಹುಳ ತಿಂದ ತೂತು ಹೊಂದಿಸಿದೆ, ನೀರಿನ ಕಲೆಯ ಗೆರೆ ಹುಡುಕಿದೆ. ಮೂವತ್ತು ಕೂಡಿದವು. ಆಮೇಲೆ ಸ್ವಾರಸ್ಯವಾದದ್ದು ಕಂಡಿತು. ಚೂರುಗಳನ್ನು ಒಂದರ ಮೇಲೊಂದು ಜೋಡಿಸಿ ಪಕ್ಕದಿಂದ ನೋಡಿದರೆ ಹೆಬ್ಬೆಟ್ಟಿನ ಗೆರೆ ಓಡುತ್ತದೆ. ಒಂದು ಚೂರು ತಪ್ಪಿದರೆ ಎಲ್ಲ ಹತ್ತೊಂಬತ್ತು ಜನರ ಗೆರೆಯೂ ಅಲ್ಲಿಗೇ ಮುರಿಯುತ್ತದೆ. ಸರಿಯಾದದ್ದನ್ನು ಇಟ್ಟರೆ ಹತ್ತೊಂಬತ್ತೂ ಒಟ್ಟಿಗೆ ಕೂಡುತ್ತವೆ. ಅಂದರೆ ಹೊಂದಿಸುವ ದಾರಿಯನ್ನು ಆ ಮನೆಯವರೇ ತೋರಿಸುತ್ತಿದ್ದಾರೆ. ಭೂತಗನ್ನಡಿ ಹಿಡಿದು ಕೂತರೆ ಊಟದ ನೆನಪಾಗುವುದಿಲ್ಲ.

ಅಜ್ಜಿಯ ಮಾವನ ಹೆಬ್ಬೆಟ್ಟಿನಲ್ಲಿ ಸುಳಿ ಇದೆ. ಗಂಡನದರಲ್ಲೂ ಅದೇ ಸುಳಿ, ದೊಡ್ಡ ಮಗನದರಲ್ಲೂ. ಬಂದ ಸೊಸೆಯರದ್ದೆಲ್ಲ ಬೇರೆ ಬೇರೆ: ಒಬ್ಬಳದು ಬಿಲ್ಲಿನ ಹಾಗೆ, ಇನ್ನೊಬ್ಬಳದು ಅಲೆಯ ಹಾಗೆ. ಅಜ್ಜಿಯದರಲ್ಲಿ ಅಡ್ಡಕ್ಕೊಂದು ಗಾಯದ ಗೆರೆ. ನಾನು ನನ್ನ ಹೆಬ್ಬೆರಳಿನ ಮೇಲೆ ಅಡ್ಡಗೆರೆ ಎಳೆದು ತೋರಿಸಿ ಹುಬ್ಬು ಹಾರಿಸಿದೆ. ಕಾಣದು ಅಂತ ನೆನಪಾಗಿ, ಅವಳ ಬೆರಳಿನ ಮೇಲೆಯೇ ಎಳೆದೆ. ಅವಳು ನಕ್ಕು, ಕೈಯಲ್ಲಿ ಕುಡುಗೋಲು ಬೀಸುವ ಅಭಿನಯ ಮಾಡಿ, "ಸ್ಸ್!" ಅಂದಳು. ಆಮೇಲೆ ಯಾರನ್ನೋ ಬೈದ ಹಾಗಿತ್ತು, ತವರಿನಲ್ಲಿ ಒಡಹುಟ್ಟಿದವರನ್ನೇ ಇರಬೇಕು. ಬೈಗುಳದ ಧಾಟಿ ಯಾವ ಭಾಷೆಯಲ್ಲೂ ಗೊತ್ತಾಗುತ್ತದೆ.

ಸಂಜೆ ಕಂಡಕ್ಟರಮ್ಮ ಬಂದಾಗ ಬಟ್ಟೆಯ ವಿಷಯ ಕೇಳಿಯೇಬಿಟ್ಟೆ. ಒಳಗು ಹೊರಗು ಮಾಡಿ ಹಾಕುವುದು ಬಿಸಿಲಿಗೆ ಬಣ್ಣ ಹೋಗದಿರಲಿ ಅಂತ. ತಲೆಕೆಳಗು ಯಾಕೆ ಅಂದರೆ, "ಹಾಗೆ ಹಾಕಿದ್ರೆ ಬೇಗ ಒಣಗುತ್ತೆ ತಾತ, ಇನ್ನೇನು?" ಅಂದಳು. ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ.

ನನ್ನ ಅಂಗಿಯನ್ನೂ ಹಾಗೇ ಹಾಕಿದ್ದೇನೆ. ನೋಡೋಣ.

ಮಾರ್ಚ್ ೨೧, ಶುಕ್ರವಾರ

ದಿನಕ್ಕೆ ಹದಿನೈದು, ಹೆಚ್ಚೆಂದರೆ ಇಪ್ಪತ್ತು. ತೆಳ್ಳಗೆ ಮೈದಾ ಅಂಟು, ಮೇಲೆ ಈರುಳ್ಳಿ ಸಿಪ್ಪೆಯಂಥ ಕಾಗದದ ಪಟ್ಟಿ, ಅದರ ಮೇಲೆ ಇಸ್ತ್ರಿಪೆಟ್ಟಿಗೆಯ ಭಾರ. ಬೆನ್ನು ಹೊರಗೆ ಬಂದಿದೆ, ನನ್ನದು.

ಅಂಟಿಸುವುದು ಮುಗಿಯುತ್ತಾ ಬಂತು, ಆದರೆ ಮತ್ತೆ ಹೊಲಿಯಬೇಕಲ್ಲ. ಇದನ್ನು ಒಂದು ವಾರದಿಂದ ತಳ್ಳುತ್ತಾ ಬಂದಿದ್ದೆ. ನನಗೆ ಹೊಲಿಗೆ ಬರುವುದಿಲ್ಲ. ನೋಡಿದ್ದು ನಲವತ್ತು ವರ್ಷ, ಮಾಡಿದ್ದು ಒಂದು ದಿನವೂ ಇಲ್ಲ. ಕಂಡಕ್ಟರಮ್ಮನಿಗೆ ಹೇಳಿದೆ, "ನೀನು ಸೂಜಿ ಹಿಡಿದರೆ ನಾನು ದಾರಿ ಹೇಳ್ತೀನಿ."

"ಸೂಜಿ ಎಲ್ಲಿದೆ?"

ಅಲಮಾರಿಯ ಮೇಲಿನ ತಗಡಿನ ಡಬ್ಬಿ ಇಳಿಸಿದೆ. ಎರಡು ವರ್ಷದ ಧೂಳು. ಒಳಗೆ ಮೇಣದ ದಾರ, ನಾಲ್ಕು ಸೂಜಿ, ಬೆರಳಿಗೆ ಹಾಕಿಕೊಳ್ಳುವ ಹಿತ್ತಾಳೆಯ ಟೋಪಿ. ನನ್ನವಳು ಅದನ್ನು ಬೆರಳುಟೋಪಿ ಅನ್ನುತ್ತಿದ್ದಳು. ಕಂಡಕ್ಟರಮ್ಮನ ಬೆರಳಿಗೆ ದೊಡ್ಡದಾಯಿತು. ದಾರ ಸುತ್ತಿಕೊಂಡು ಹಾಕಿದಳು.

ಆ ಹೊತ್ತಿಗೇ ಭಾವಮೈದ ಬರಬೇಕೇ! ಬಾಗಿಲು ತೆರೆದೇ ಇತ್ತು, ನೇರ ಒಳಗೆ ಬಂದ. ಅವಳ ಬೆರಳು ನೋಡಿ ಅಲ್ಲೇ ನಿಂತ.

"ಅದು ನಮ್ಮಕ್ಕಂದು."

"ಹೌದು ಕಣೋ. ಹೊಲಿಗೆಗೆ..."

"ನಾನು ಒಂದು ಸಲ ದಾರ ಕೇಳಿದ್ದಕ್ಕೆ ಅವಳ ಡಬ್ಬಿ ಮುಟ್ಟಬೇಡ ಅಂದಿದ್ರಿ. ಒಡಹುಟ್ಟಿದೋನು ಮುಟ್ಟಬಾರದು. ಬಂದು ಮೂರು ತಿಂಗಳಾದೋರು ಹಾಕ್ಕೋಬೋದು."

ಕಂಡಕ್ಟರಮ್ಮ ಟೋಪಿ ತೆಗೆದು ಮೇಜಿನ ಮೇಲಿಟ್ಟಳು. ಅಷ್ಟು ಸಣ್ಣ ವಸ್ತು ಇಟ್ಟ ಸದ್ದು ಅಷ್ಟು ದೊಡ್ಡದಾಗಿ ಕೇಳಿಸಿತು. ಅವನು ಹೊರಟುಹೋದ.

ಅವನು ಹೇಳಿದ್ದು ಸುಳ್ಳಲ್ಲ. ಡಬ್ಬಿ ಮುಟ್ಟಬೇಡ ಅಂದಿದ್ದೆ. ಯಾಕೆ ಅಂದಿದ್ದೆ?

ಮಾರ್ಚ್ ೨೩, ಭಾನುವಾರ

ಸ್ಟೂಲು ಎತ್ತಿಕೊಂಡು ಪ್ರೆಸ್ಸಿಗೆ ಹೋದೆ. ಬಾಗಿಲ ಹತ್ತಿರ ಹಾಕಿಕೊಂಡು ಕೂತೆ. ತಗಡಿನ ಡಬ್ಬಿ ಮಡಿಲಲ್ಲಿತ್ತು.

"ಏನು ಭಾವ ಇದು?"

"ತಪ್ಪು ಮಾಡಿದೋರು ಎದುರಿಗೆ ಬಂದು ಕೂರ್ಬೇಕಂತೆ."

"ಯಾರು ಹೇಳಿದ್ದು? ಅವರಾ?"

"ಅವರೇ."

ಸ್ವಲ್ಪ ಹೊತ್ತು ಮೆಷಿನ್ ಒರೆಸಿದ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಬಂದು ಡಬ್ಬಿ ತೆರೆದು ಒಂದೊಂದೇ ತೆಗೆದು ನೋಡಿದ. ಸೂಜಿಯ ತುಕ್ಕನ್ನು ಉಗುರಿನಿಂದ ಕೆರೆದ.

"ಅಕ್ಕ ಇದ್ದಿದ್ರೆ ಎಂಟು ದಿನದ ಕೆಲಸ ಎರಡು ದಿನಕ್ಕೆ ಮುಗಿಸ್ತಿದ್ಲು. ನಿಮ್ಮನ್ನ ಬೈತಾ ಮುಗಿಸ್ತಿದ್ಲು."

"ಬೈಯೋದು ಮೊದಲು ಮುಗೀತಿತ್ತು."

ಮಧ್ಯಾಹ್ನ ಊಟವಾದ ಮೇಲೆ ಅವನೇ ಮೇಲೆ ಬಂದ, ಹೊಸ್ತಿಲಲ್ಲಿ ನಿಂತ. ಒಳಗೆ ಬರುವುದೋ ಬೇಡವೋ ಎಂಬ ಹಾಗೆ ಕೆಮ್ಮಿದ. ಅವನಿಗೆ ಕೆಮ್ಮಿನ ವಿಷಯ ಯಾರು ಹೇಳಿದರೋ!

ಕಂಡಕ್ಟರಮ್ಮ ತಲೆ ಎತ್ತದೆ ಅಂದಳು, "ಬಾಗಿಲಲ್ಲಿ ನಿಲ್ಬೇಡಿ ಸಾರ್, ಒಳಗೆ ಜಾಗ ಇದೆ. ಮುಂದೆ ಹೋಗಿ, ಮುಂದೆ ಹೋಗಿ."

ಅವನಿಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಏನೆಂದು ಕೇಳಿದಳು, ಸೊಸೆ ಹೇಳಿದಳು, ಅವಳೂ ನಕ್ಕಳು. ಭಾವಮೈದ ಬೆರಳುಟೋಪಿಯನ್ನು ಅಂಗಿಯ ತುದಿಯಿಂದ ಒರೆಸಿ ಕಂಡಕ್ಟರಮ್ಮನ ಕೈಗೆ ಕೊಟ್ಟ. "ಅಕ್ಕ ದಾರಕ್ಕೆ ಎರಡು ಸಲ ಮೇಣ ಹಚ್ತಿದ್ಲು. ಇವರಿಗೆ ಅದೆಲ್ಲ ನೆನಪಿರಲ್ಲ," ಅಂದ.

ನಿಜ, ನೆನಪಿರಲಿಲ್ಲ.

ಮಾರ್ಚ್ ೨೪, ಸೋಮವಾರ

ಹಲ್ಲು ಬಂತು!

ಕೂಸು ನನ್ನ ಬೆರಳು ಕಚ್ಚಿತು. ಮೊದಲು ಗೊತ್ತಾದದ್ದು ನನಗೇ. ಕೆಳಗಿನ ಒಸಡಿನಲ್ಲಿ ಅಕ್ಕಿನುಚ್ಚಿನಷ್ಟು. ಅಜ್ಜಿ ಬೆರಳು ಹಾಕಿ ನೋಡಿ ಕೈ ಮೇಲೆತ್ತಿ ಕೂಗಿದ್ದಕ್ಕೆ ಕೆಳಗಿನ ಪ್ರೆಸ್ಸೇ ನಿಂತಿತು.

ಏಳು ದಿನ. ಭಾನುವಾರ ಕಡೆ. ಎಂಟೆಂಟು ಹಾಳೆಯ ಹದಿನಾಲ್ಕು ಫಾರಂನಲ್ಲಿ ಹೊಲಿದದ್ದು ಎರಡು.

ಮಾರ್ಚ್ ೨೭, ಗುರುವಾರ

ಕಂಡಕ್ಟರಮ್ಮ ಡ್ಯೂಟಿ ಬದಲಾಯಿಸಿಕೊಂಡಿದ್ದಾಳೆ. ಮಧ್ಯಾಹ್ನದಿಂದ ಹೊಲಿಗೆ. ಒಂಬತ್ತು ಆಯಿತು. ಬೆನ್ನಿಗೆ ದಾರ ಬಿಗಿಯುವಾಗ ಅವಳು ನಾಲಿಗೆ ಕಚ್ಚಿಕೊಳ್ಳುತ್ತಾಳೆ. ನನ್ನವಳೂ ಹಾಗೆಯೇ.

ಸಿಗದ ಮೂರು ಚೂರುಗಳ ಜಾಗಕ್ಕೆ ಹಳೆಯ ಕಾಗದ ಹುಡುಕಿ ಹಳದಿ ಪಟ್ಟಿ ಕತ್ತರಿಸಿ ಅಂಟಿಸಿದೆ. ಅವುಗಳ ಮೇಲೆ ಮಸಿಯ ಚುಕ್ಕೆ ಇಲ್ಲ. ಗೆರೆ ಕೂಡುವ ಹಾಗೆ ನಾನೇ ಶಾಯಿಯಲ್ಲಿ ಚುಕ್ಕೆ ಇಟ್ಟುಬಿಡಲೇ ಅಂತ ಭಾವಮೈದನನ್ನು ಕೇಳಿದೆ. "ನೋಡೋಕೆ ಯಾರಿಗೂ ಗೊತ್ತಾಗಲ್ಲ ಭಾವ," ಅಂದ. ಆಮೇಲೆ ತಾನೇ, "ಅವರನ್ನೇ ಕೇಳಿ," ಅಂದ.

ಕೇಳಿದೆ. ಅಜ್ಜಿ ಬೇಡ ಅಂದಳಂತೆ. ಖಾಲಿ ಇದ್ದದ್ದು ಖಾಲಿ ಇರಲಿ, ಏನಾಯಿತು ಅಂತ ಮುಂದಿನವರಿಗೆ ಗೊತ್ತಿರಬೇಕಲ್ಲ ಅಂದಳಂತೆ.

ಮಾರ್ಚ್ ೩೦, ಭಾನುವಾರ

ಬೆಳಗ್ಗೆ ಹತ್ತಕ್ಕೆ ರಟ್ಟು ಒಣಗಿತು. ಒಯ್ದು ಕೊಡಲು ಹೊರಟರೆ, ಬೇಡ, ಅವರೇ ಬರುತ್ತಾರೆ ಅಂದರು. ಮಗ ಲಾರಿಯಿಂದ ಇಳಿದು ನೇರ ಇಲ್ಲಿಗೇ ಬಂದಿದ್ದ, ಕಣ್ಣು ಕೆಂಪಗಿದ್ದವು. ನನ್ನ ಮೇಜಿನ ಸುತ್ತ ಆರು ಜನ, ಕೂಸನ್ನೂ ಸೇರಿಸಿ.

ಅಂಚು ಮೊದಲಿನ ಹಾಗಿಲ್ಲ, ನಾನು ಸುಳ್ಳು ಹೇಳುವುದಿಲ್ಲ. ಎಷ್ಟು ತೆಳ್ಳಗೆ ಅಂಟಿಸಿದರೂ ಅಂಟಿನ ದಪ್ಪ ದಪ್ಪವೇ. ಪುಸ್ತಕ ಒಂದು ಕಡೆ ಸ್ವಲ್ಪ ಉಬ್ಬಿದೆ. ಗೆರೆಗಳು ಕೂಡಿವೆ, ಆದರೆ ನಡುಗಿದ ಹಾಗೆ ಕೂಡಿವೆ. ಮೂರು ಕಡೆ ಮೇಲಿಂದ ಕೆಳಕ್ಕೆ ಕೂದಲೆಳೆಯಂಥ ಖಾಲಿ ಗೆರೆ. ಹೆಚ್ಚುಕಡಿಮೆ ಎಲ್ಲ ಹೆಬ್ಬೆಟ್ಟನ್ನೂ ದಾಟಿ ಹೋಗುತ್ತವೆ ಅವು.

ಅಜ್ಜಿಯ ಮಡಿಲಿಗೆ ಇಟ್ಟೆ. ಮೇಲಿಂದ ಗೇಣು ಅಳೆದು ಒಂದು ಕಡೆ ನಿಲ್ಲಿಸಿದಳು. ಗಂಡನ ಜಾಗ. ಒರಟಾದ ಅಂಚನ್ನು ಹೆಬ್ಬೆರಳಿನಿಂದ ತೀಡಿ ಏನೋ ಅಂದಳು. ಸೊಸೆಗೆ ನಗು ಬಂತು.

"ಏನಂದ್ರು?"

"ಕೂಸಾಗಿದ್ದಾಗ ಒತ್ತಿದ ಬೆರಳು ಇದು. ಇಷ್ಟು ದಿನ ಹಾಗೇ ಇತ್ತು. ಈಗ 'ಇವರಿಗೂ ಸುಕ್ಕು ಬಂದಿದೆ' ಅಂತಾರೆ."

ಆಮೇಲೆ ಬೆರಳನ್ನು ಇನ್ನೂ ಕೆಳಗೆ ತಂದಳು, ದೊಡ್ಡ ಮಗನ ಜಾಗಕ್ಕೆ. ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಭಾವಮೈದ ಕಿಟಕಿಯ ಕಡೆ ತಿರುಗಿದ.

ಕೂಸಿನ ಬೆರಳಿಗೆ ಮಸಿ ಹಚ್ಚಿದರು. ಪುಸ್ತಕವನ್ನು ಬಿಗಿಯಾಗಿ ಹಿಡಿಯುವ ಕೆಲಸ ನನ್ನದು, ಬೈಂಡರ್ ಅಲ್ಲವೇ. ಎಲ್ಲಕ್ಕಿಂತ ಕೆಳಗೆ ಒತ್ತಿಸಿದರು. ಇಪ್ಪತ್ತನೆಯದು. ಖಾಲಿ ಉಳಿದಿದ್ದ ನನ್ನ ಮೂರು ಪಟ್ಟಿಗಳಿಗೂ ಮಸಿ ಬಿತ್ತು. ಅಂದರೆ ಈ ಒಬ್ಬಳ ಹೆಬ್ಬೆಟ್ಟಿನಲ್ಲಿ ಮಾತ್ರ ಸಂದಿ ಇಲ್ಲ, ಪೂರ್ತಿ ಇದೆ. ಮಾಡುವಾಗ ಇದು ನನಗೆ ಹೊಳೆದೇ ಇರಲಿಲ್ಲ. ಒತ್ತಿದ ತಕ್ಷಣ ಅವಳು ಬೆರಳನ್ನು ಬಾಯಿಗೆ ಹಾಕಿಕೊಂಡಳು, ಆಮೇಲೆ ನನ್ನ ಅಂಗಿಗೆ. ಒಳಗು ಹೊರಗು ಮಾಡಿ ಒಣಗಿಸಿದರೂ ಇದು ಹೋಗುವ ಹಾಗೆ ಕಾಣುವುದಿಲ್ಲ.

ಮೇಷ್ಟರಿದ್ದಿದ್ದರೆ ಪ್ರಬಂಧವನ್ನು ಇನ್ನೊಂದು ಸಲ ಬರೆದು ಕೊಡುತ್ತಿದ್ದೆ. ಆ ತೋಟಕ್ಕೆ ಹೋಗುತ್ತಿರಲಿಲ್ಲ.

ಹೊರಡುವಾಗ ಕಂಡಕ್ಟರಮ್ಮ ಬೆರಳುಟೋಪಿ ವಾಪಸು ಕೊಡಲು ಬಂದಳು. ಇಟ್ಟುಕೊ, ಇನ್ನೂ ಸವೆದಿಲ್ಲ ಅಂದೆ. ಅವಳು ನನ್ನ ಮೇಜಿನ ಮೇಲೆ ಈ ಪುಸ್ತಕ ನೋಡಿದಳು.

"ತಾತ, ಇದಕ್ಕೆ ಅಂಚು ಕತ್ತರಿಸಿಲ್ವಾ?"

"ಕತ್ತರಿಸ್ಬೇಕು ಅಂತ ಒಂದು ತಿಂಗಳಿಂದ ಅಂದ್ಕೊಳ್ತಾನೇ ಇದೀನಿ. ಕಲೆ ಆಗಿದೆ. ಅವಳು ಹೊಲಿದು ಮುಗಿಸಿ ಅಂಟಿನ ಕೈಯಲ್ಲಿ ಹಿಡಿದು..."

ಅಷ್ಟು ಹೇಳಿದವನು ಪುಸ್ತಕವನ್ನು ನನ್ನ ಕಡೆಗೆ ಎಳೆದುಕೊಂಡೆ. ಅವಳು ಕೂಸನ್ನೆತ್ತಿಕೊಂಡು ಹೋದಳು.

ಹೊಲಿದು ಮುಗಿಸಿದ ಮೇಲೆ ಅವಳು ಪ್ರತಿ ಪುಸ್ತಕವನ್ನೂ ಬಿಗಿಯಾಗಿ ಮುಚ್ಚಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ, ಸಡಿಲವಿಲ್ಲ ತಾನೇ ಅಂತ ನೋಡಿ ನನಗೆ ಕೊಡುತ್ತಿದ್ದಳು. ಪ್ರತಿ ಸಲವೂ. ನಾನು ಒಯ್ದು ಕತ್ತರಿಸುತ್ತಿದ್ದೆ. ಇದೊಂದು ಉಳಿದಿದೆ. ತಿಂಗಳಿಂದ ಇದನ್ನು ತೆರೆದು ತೆರೆದು ಬರೆಯುತ್ತಿದ್ದೇನೆ. ಮುಚ್ಚಿ, ಬಿಗಿಯಾಗಿ ಹಿಡಿದು, ಪಕ್ಕದಿಂದ ನೋಡಿದ್ದು ಒಂದು ಸಲವೂ ಇಲ್ಲ.

ಎದುರು ಮನೆಯಲ್ಲಿ ದೀಪ ಹಚ್ಚುತ್ತಿದ್ದಾರೆ, ಇಲ್ಲಿಂದಲೇ ಕಾಣುತ್ತದೆ. ಬೆಳಕು ಇಳಿಯುತ್ತಿದೆ. ಭೂತಗನ್ನಡಿ ಎಲ್ಲಿಟ್ಟೆ? ಕಿಟಕಿಯ ಹತ್ತಿರ ಇನ್ನೂ ಸ್ವಲ್ಪ ಇದೆ, ಅದು ಹೋಗುವುದರೊಳಗೆ ಮುಚ್ಚಿ ನೋಡಬೇಕು.